ಮೀನೆಣ್ಣೆ ಹುಣಸೆ ಮರ ಹತ್ತಿದ್ದು

ತಮಿಳು ಸೀಮೆಯ ಹರೂರಿನ ಮೆಡಿಕಲ್ ಶಾಪಲ್ಲಿ ದಿನವೆಲ್ಲ ಜನರಿಗೆ ಮಾತ್ರೆ ಕೊಟ್ಟು, "ಊಟ ಆದ್ಮೇಲೆ, ಮರೀದೆ ತಗೊಳ್ಳಿ" ಅಂತ ಹೇಳೋದು ನನ್ನ ಕೆಲಸ. ಊರೆಲ್ಲ ಕೇಳುತ್ತೆ. ಪಾಪಿರೆಡ್ಡಿಪಟ್ಟಿ ಪಕ್ಕದ ನಮ್ಮ ಮನೇಲಿ ಮಾತ್ರ ಒಂದು ಮಾತ್ರೆ ಒಳಗೆ ಬಂದರೆ ಒಂದು ರಗಳೆ ಜೊತೇಲೇ ಬರುತ್ತೆ. ಮಾವನಿಗೆ ಎದೆನೋವು ಬಂದು ಸೇಲಂನಲ್ಲಿ ಸ್ಟೆಂಟ್ ಹಾಕಿಸಿದ ಮೇಲಂತೂ ಕೇಳಲೇಬೇಡಿ.

ಡಾಕ್ಟರಮ್ಮ ಹೇಳಿದ್ದು, ಮಾವ ಕೇಳಿದ್ದು

ಕುರಿ ಮೇಯಿಸುತ್ತಾ ಫೋನ್ ನೋಡೋದು ಮಾವನ ಹೊಸ ಚಾಳಿ. ಅದರಲ್ಲಿ ಯಾರೋ, ಮೀನೆಣ್ಣೆ ಮಾತ್ರೆ ನುಂಗಿದರೆ ಹಾರ್ಟು ಗಟ್ಟಿಯಾಗುತ್ತೆ ಅಂದುಬಿಟ್ಟರು. "ನಿನ್ ಶಾಪಲ್ಲಿ ಐತಲ್ಲ ಕಣಮ್ಮ, ತಂದ್ಕೊಡು" ಅಂತ ನನ್ನ ಬೆನ್ನು ಬಿದ್ದರು. ಕೇಳದೆ ಕೊಡಲ್ಲ ಅಂತ ಡಾಕ್ಟರಮ್ಮನ ಹತ್ರ ಕರ್ಕೊಂಡು ಹೋದೆ.

ಆಯಮ್ಮ ತಮಿಳಲ್ಲಿ ನಿಧಾನವಾಗಿ ಬಿಡಿಸಿ ಹೇಳಿದರು. ರಕ್ತದಲ್ಲಿ ಕೊಬ್ಬು ಜಾಸ್ತಿ ಇರೋರಿಗೆ ಮೀನೆಣ್ಣೆ ಸ್ವಲ್ಪ ಇಳಿಸಬಹುದು, ಬೇಕಾದ್ರೆ ದಿನಕ್ಕೊಂದು ತಗೊಳ್ಳಿ. ಆದರೆ ಹಾರ್ಟ್ ಮಾತ್ರೆ ಮಾಡೋ ಕೆಲಸ ಅದು ಮಾಡಲ್ಲ. ಹಾರ್ಟ್ ಮಾತ್ರೆ ಬಿಟ್ಟರೆ ಸ್ಟೆಂಟ್‌ನಲ್ಲಿ ರಕ್ತ ಕಟ್ಕೊಂಡು ಜೀವಕ್ಕೇ ಕುತ್ತು ಬರುತ್ತೆ.

ನನಗೆ ಕೊನೇ ಮಾತು ಎದೆಗೆ ನಾಟಿತು, ಮಾವನಿಗೆ ಮೊದಲನೇ ಮಾತು ನಾಲಿಗೆಗೆ. ಆ ಭಾನುವಾರ ಹೊಗೆನಕಲ್‌ಗೆ ಹೋದಾಗ ನೋಡ್ತೀನಿ, ಅಂಗಡಿ ಮುಂದೆ ಕೂತು ಕರಿದ ಮೀನು ಮೆಲ್ಲುತ್ತಿದ್ದಾರೆ.

"ಏನ್ ಮಾವ ಇದು?"

"ಮೀನೂ ಐತೆ, ಎಣ್ಣೇನೂ ಐತೆ. ಡಾಕ್ಟರಮ್ಮ ಇನ್ನೇನ್ ಏಳಿದ್ದು?"

ಬಸ್ಸಲ್ಲಿ ತೇಗು

ಆಮೇಲೆ ಮಾತ್ರೆ ಶುರುವಾಯ್ತು. ಅದರ ಜೊತೆ ತೇಗು. ಮೀನೆಣ್ಣೆ ತೇಗು ಅಂದರೆ ಸುಮ್ಮನೆ ಅಲ್ಲ, ಮೀನು ಸಂತೆಯೇ ಎದ್ದು ಬಂದ ಹಾಗೆ.

ಹರೂರು ಬಸ್ಸಲ್ಲಿ ಕಿಟಕಿ ಪಕ್ಕ ಕೂತ ಮಾವ ಒಂದು ಬಿಟ್ಟರು. ಮುಂದಿನ ಸೀಟಿನ ಹೆಂಗಸು ಸೆರಗು ಮೂಗಿಗೆ ಹಿಡಿದಳು. ಕಂಡಕ್ಟರ್ ಓಡಿ ಬಂದ. "ಯಾರುಪಾ ಮೀನ್ ಕೂಡೈ ಏತ್ತಿನದು?" ಅಂತ, ಮೀನಿನ ಬುಟ್ಟಿ ಹತ್ತಿಸಿದ್ದು ಯಾರು ಅಂತ ಒಬ್ಬೊಬ್ಬರ ಸೀಟಿನ ಕೆಳಗೂ ಬಗ್ಗಿ ನೋಡಿದ. ನಮ್ಮನ್ನ ಬಸ್ಸಿಂದ ಇಳಿಸಿಬಿಡ್ತಾನೇನೋ ಅಂತ ನಾನು ಟಿಕೆಟ್ ಗಟ್ಟಿಯಾಗಿ ಹಿಡ್ಕೊಂಡು ಕೂತೆ.

ಮಾವ ಮಾತ್ರ ಕಂಡಕ್ಟರ್ ಜೊತೆ ತಾವೂ ಬಗ್ಗಿ ಹುಡುಕಿ, "ಈ ಕಾಲ್ದಾಗೆ ಜನಕ್ಕೆ ಬುದ್ಧಿ ಇಲ್ಲ ಬಿಡಪ್ಪ" ಅಂದರು.

ಪುರಟ್ಟಾಸಿ

ಅಷ್ಟರಲ್ಲಿ ಪುರಟ್ಟಾಸಿ ತಿಂಗಳು ಬಂತು. ಪೆರುಮಾಳ್ ಸ್ವಾಮಿ ತಿಂಗಳು, ನಮ್ಮ ಕಡೆ ಮನೇಲಿ ಮೀನು ಮಾಂಸದ ಹೆಸರೂ ಎತ್ತಲ್ಲ. ಅತ್ತೆ ಹುಣಸೆಹಣ್ಣು ಹಾಕಿ ಪಾತ್ರೆಯೆಲ್ಲ ಉಜ್ಜಿ, ಮನೆ ತೊಳೆದು ಕೂತಿದ್ದರು.

ಸಂಜೆ ಕೆಲಸದಿಂದ ಬಂದು ನೋಡಿದರೆ ಮಾವನ ಮಾತ್ರೆ ಡಬ್ಬಿ ಇಲ್ಲ. ಮೀನೆಣ್ಣೇನೂ ಹಾರ್ಟ್ ಮಾತ್ರೇನೂ ಮಾವ ಒಂದೇ ಡಬ್ಬೀಲಿ ಇಡ್ತಿದ್ದರು.

"ಡಬ್ಬಿ ಎಲ್ಲತ್ತೆ?"

ಅತ್ತೆ ಹಿತ್ತಲ ಕಡೆ ಕೈ ತೋರಿಸಿದರು. ಹುಣಸೆ ಮರದ ಕೊಂಬೇಲಿ ಒಂದು ಬಟ್ಟೆ ಗಂಟು ತೂಗಾಡುತ್ತಿತ್ತು. "ಮೀನಿನ್ ಜೊತೇಲಿ ಇದ್ದಿದ್ದು, ಎಲ್ಲಾ ಮೈಲಿಗೆ. ತಿಂಗ್ಳು ಕಳೀಲಿ, ಇಳಿಸ್ತೀನಿ."

"ಬೆಳಗಿನ ಮಾತ್ರೆ?"

"ಇಲ್ಲ."

ಮಾವ ಜಗಲಿ ಮೇಲೆ ಆರಾಮಾಗಿ, "ಒಂದ್ ತಿಂಗ್ಳು ತಾನೆ, ಪೆರುಮಾಳ್ ನೋಡ್ಕೊಂತಾನೆ" ಅಂದರು. ನನ್ನ ಕಣ್ಣು ಅವರ ಎದೆ ಮೇಲೇ ಇತ್ತು, ಉಸಿರು ಸರಿಯಾಗಿ ಏಳ್ತಾ ಬೀಳ್ತಾ ಇದೆಯಾ ಅಂತ. ಮುಂದಿನ ತಿಂಗಳಿಗೆ ಅಂತ ಶಾಪಿಂದ ತಂದಿದ್ದ ಹಾರ್ಟ್ ಮಾತ್ರೆ ಪಟ್ಟಿ ಬ್ಯಾಗಿನಿಂದ ತೆಗೆದೆ.

"ಮೀನೆಣ್ಣೆ ಮಾರೋ ಶಾಪಿಂದು ತಾನೆ ಅದೂ?" ಅಂದರು ಅತ್ತೆ. "ಒಳಕ್ ತರ್ಬೇಡ."

ಡಾಕ್ಟರಮ್ಮನಿಗೆ ಫೋನ್ ಹಾಕಿಕೊಟ್ಟೆ. "ಅವ್ರಿಗೇನ್ ಗೊತ್ತು ನಮ್ಮನೆ ಶಾಸ್ತ್ರ" ಅಂತ ಅತ್ತೆ ವಾಪಸ್ ಕೊಟ್ಟರು. ಕಾಲಿಗೆ ಬೀಳೋದೊಂದು ಬಾಕಿ. ಭಯ ಜಾಸ್ತಿಯಾದರೆ ನನಗೆ ಅಳು ಬರಲ್ಲ, ಸಿಟ್ಟು ಬರುತ್ತೆ.

"ಸರಿ ಅತ್ತೆ. ಹೊಗೆನಕಲ್‌ನಲ್ಲಿ ಮಾವ ತಿಂದ ಮೀನು ಎಲ್ಲೋಯ್ತು? ಮೈಯಲ್ಲೇ ಐತಲ್ಲ. ಮಾತ್ರೆ ಬರೀ ಪಕ್ಕದಲ್ಲಿತ್ತು, ಅದಕ್ಕೇ ಮೈಲಿಗೆ. ಇವ್ರು ಮೀನನ್ನೇ ನುಂಗವ್ರೆ. ಇವ್ರನ್ನೂ ಗಂಟು ಕಟ್ಟಿ ಅದೇ ಮರಕ್ಕೆ ತೂಗಾಕಿ, ತಿಂಗಳು ಕಳೆದ ಮೇಲೆ ಇಳ್ಸೋಣ. ಅಲ್ಲೀಗಂಟ ಉಳ್ಕೊಂಡಿದ್ರೆ."

ಅತ್ತೆ ಮಾವನನ್ನೇ ತಲೆಯಿಂದ ಕಾಲಿನವರೆಗೂ ನೋಡಿದರು. ಕಣ್ಣಲ್ಲಿ ನೀರಾಡಿತು. ಆಮೇಲೆ ದಡಕ್ಕನೆ ಎದ್ದು ಒಳಗೆ ಹೋಗಿ ಕೊಡದ ತುಂಬ ಅರಿಶಿನ ನೀರು ಕಲಸಿ ತಂದರು.

ಮಾತ್ರೆ ಪಟ್ಟಿ ಮೇಲೆ ಒಂದು ತುಳಸಿ ದಳದಿಂದ ಚಿಮುಕಿಸಿದರು. ಒಂದು ಲೋಟ ತೆಗೆದಿಟ್ಟು, ಉಳಿದ ಕೊಡವನ್ನೆಲ್ಲ ಮಾವನ ತಲೆ ಮೇಲೆ ಸುರಿದರು. ಮಾವ ನಡುಗುತ್ತಾ, "ಸಾಕೇ, ಚಳಿ ಆಯ್ತದೆ" ಅಂದರು.

"ಇನ್ನೂ ಆಗಿಲ್ಲ, ಬಾಯ್ ತೆಗೀರಿ" ಅಂದರು ಅತ್ತೆ. ಮಾವ ತೆಗೆದರು. ಅತ್ತೆ ನನ್ನ ಕೈಯಿಂದ ಹಾರ್ಟ್ ಮಾತ್ರೆ ಕಿತ್ತುಕೊಂಡು ಅವರ ನಾಲಿಗೆ ಮೇಲಿಟ್ಟು, ಹಿಂದೇನೇ ಆ ಲೋಟದ ಅರಿಶಿನ ನೀರು ಬಿಟ್ಟರು.

"ನುಂಗ್ರಿ. ಮೀನು ಓಗಿದ್ದು ಈ ದಾರೀಲೇ ತಾನೆ? ಮೊದ್ಲು ಇದ್ನ ತೊಳೀಬೇಕು."