ಗೋಲು ಬಿಟ್ಟು ಮುಂದೆ ಹೋದ ದಿನ

ಮನುಷ್ಯರಲ್ಲಿ ಇರುವುದು ಎರಡೇ ಜಾತಿ ಎಂದು ನಾನು ನಂಬಿದ್ದೇನೆ. ಗಾಳಿ ಬಂದಾಗ ತೂರಿಕೊಳ್ಳುವವರದು ಒಂದು. ಗಾಳಿ ಬಂತೆಂದು ಕಿಟಕಿ ಹಾಕಿಕೊಳ್ಳುವವರದು ಇನ್ನೊಂದು. ನಾನು ಎರಡನೆಯ ಜಾತಿಯವನೆಂದು ಒಪ್ಪಿಕೊಳ್ಳಲು ನನಗೆ ಸಂಕೋಚವೇನೂ ಇಲ್ಲ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದರು ಹಿರಿಯರು. ನಾನು ಒಂದು ಗೇಣು ಬಿಟ್ಟೇ ಚಾಚುತ್ತೇನೆ. ಕಡುಬೇಸಿಗೆಯಲ್ಲೂ ನನ್ನ ಕಂಕುಳಲ್ಲಿ ಛತ್ರಿ ಇರುತ್ತದೆ. ಬಸ್ಸು ಹೊರಡುವ ಒಂದು ತಾಸು ಮೊದಲೇ ಹೋಗಿ ಅದರಲ್ಲಿ ಕೂತಿರುತ್ತೇನೆ. ಮನೆಗೆ ಕೀಲಿ ಹಾಕಿದರೆ ಮೂರು ಸಲ ಜಗ್ಗಿ ನೋಡದೆ ಮೆಟ್ಟಿಲು ಇಳಿದವನಲ್ಲ. ಇಂಥ ನನ್ನನ್ನು ಯಲಬುರ್ಗಾದ ಶಾಲೆಯಲ್ಲಿ ಡ್ರಿಲ್ ಮಾಸ್ತರನೆಂದು ಸಂಬಳ ಕೊಟ್ಟು ಇಟ್ಟುಕೊಂಡಿದ್ದಾರೆ. ಶಾಲೆ ಬಿಟ್ಟ ಮೇಲೆ ಊರಿನ ಫುಟ್‌ಬಾಲ್ ತಂಡಕ್ಕೂ ನಾನೇ ಉಸ್ತಾದ. ತಂಡವೆಂದರೆ ಕಚೇರಿಯ ಜವಾನರು, ಅಂಗಡಿಯವರು, ಎರಡು ಮೂರು ಜನ ರೈತರು. ದರ್ಜಿ ಇಮಾಮಸಾಬ ಕ್ಯಾಪ್ಟನ್. ಕಿರಾಣಿ ಅಂಗಡಿಯ ಕೊಟ್ರಪ್ಪ ಗೋಲು ಕಾಯುವ ಗೋಲಿ. ಅವನು ಅಡ್ಡ ನಿಂತರೆ ಗೋಲಿನ ಅರ್ಧ ತಾನಾಗಿಯೇ ಮುಚ್ಚಿಹೋಗುತ್ತದೆ ಎಂಬ ಕಾರಣಕ್ಕೆ ನಾನೇ ಆರಿಸಿದ್ದು.

ನನ್ನ ಆಟದ ಸಿದ್ಧಾಂತ ಸರಳವಾದದ್ದು. ಹೇಗಾದರೂ ಒಂದು ಗೋಲು ಹೊಡೆಯುವುದು. ಆಮೇಲೆ ಹತ್ತೂ ಜನ ಬಂದು ನಮ್ಮ ಗೋಲಿನ ಮುಂದೆ ನಿಂತುಬಿಡುವುದು. ಒಂದು ಗೋಲು ಸಿಕ್ಕದಿದ್ದರೂ ಚಿಂತೆಯಿಲ್ಲ, ಮೊದಲಿನಿಂದಲೇ ನಿಂತುಬಿಡುವುದು. ನಿಧಾನವೇ ಪ್ರಧಾನ. ಇಮಾಮಸಾಬನಿಗೆ ಇದು ಸೇರುತ್ತಿರಲಿಲ್ಲ. "ಉಸ್ತಾದ್, ಇದು ಆಟ ಏನ್ರಿ, ಖಜಾನಿ ಪಹರೆ ಏನ್ರಿ? ನಿಂತು ನಿಂತು ಕಾಲು ಜೋಮು ಹಿಡಿತಾವ" ಎಂದು ಗೊಣಗುತ್ತಿದ್ದ. ಆದರೆ ಅಂಗಿಯ ಬಟ್ಟೆಯನ್ನು ಎರಡು ಸಲ ಅಳೆದು ಒಂದು ಸಲ ಕತ್ತರಿಸುವ ಮನುಷ್ಯ ಅವನು. ಅದನ್ನೇ ಅವನಿಗೆ ನೆನಪಿಸಿದರೆ ಬಾಯಿ ಮುಚ್ಚುತ್ತಿದ್ದ.

ಗಂಗಾವತಿಯ ಉಸ್ತಾದ ಬಸಲಿಂಗ ಮಾತ್ರ ಮೊದಲನೆಯ ಜಾತಿಯವನು. ಅವನೂ ಡ್ರಿಲ್ ಮಾಸ್ತರನೇ. ಸಾಲದ್ದಕ್ಕೆ ನನ್ನ ಹೆಂಡತಿ ನೀಲವ್ವನ ಖಾಸ ತಮ್ಮ. "ಮಾವಾರ, ಗೋಲು ಕಾಯಾಕ ಒಬ್ಬ ಮನಷ್ಯಾ ಸಾಕ್ರಿ. ಉಳದ ಹತ್ತು ಮಂದೀಗೆ ದೇವರು ಕಾಲು ಯಾಕ ಕೊಟ್ಟಾನ?" ಎನ್ನುವುದು ಅವನ ಮಾತು. ಅವನ ತಂಡ ಐದು ಗೋಲು ಹೊಡೆದು ಆರು ಹೊಡೆಸಿಕೊಂಡು ನಗುತ್ತ ಮನೆಗೆ ಹೋಗುತ್ತದೆ. ಇಂಥ ದುಂದುಗಾರಿಕೆಯನ್ನು ನಾನು ಸಹಿಸಲಾರೆ. ಆದರೂ ಒಂದು ಮಾತು ಹೇಳಲೇಬೇಕು. ನಾನು ನೀಲವ್ವನನ್ನು ನೋಡಲು ಗಂಗಾವತಿಗೆ ಹೋಗಿ, ಅವಲಕ್ಕಿ ತಿಂದು, "ವಿಚಾರ ಮಾಡಿ ಹೇಳ್ತೀನಿ" ಎಂದು ಬಂದವನು ನಾಲ್ಕು ತಿಂಗಳು ವಿಚಾರ ಮಾಡುತ್ತಲೇ ಇದ್ದೆ. ಹುಡುಗಿ ಒಪ್ಪಿಗೆಯಾಗಿರಲಿಲ್ಲವೆಂದಲ್ಲ, ನೋಡಿದ ಕ್ಷಣಕ್ಕೇ ಒಪ್ಪಿಗೆಯಾಗಿದ್ದಳು. ಅವಸರವೇಕೆ ಎಂದಷ್ಟೇ. ಒಂದು ದಿನ ನಾನು ಮಕ್ಕಳಿಗೆ ಎಡ-ಬಲ ಹೇಳಿಕೊಡುತ್ತಿದ್ದಾಗ ಬಸಲಿಂಗ ಬಸ್ಸಿಳಿದವನೇ ಶಾಲೆಯ ಮೈದಾನಕ್ಕೆ ಬಂದ. "ಹ್ಞೂಂ ಅಂತೀರೋ ಉಹ್ಞೂಂ ಅಂತೀರೋ? ಉತ್ತರ ತಗೊಂಡ ನಾ ಹೋಗಾಂವ" ಎಂದು ಬಿಸಿಲಿನಲ್ಲಿ ನಿಂತ. ಮಕ್ಕಳೆಲ್ಲ ನೋಡುತ್ತಿದ್ದರು. ನಾನು ಹ್ಞೂಂ ಎಂದೆ. ನನ್ನ ಬಾಳಿನ ಒಂದೇ ಒಂದು ದೊಡ್ಡ ಗೋಲನ್ನೂ ಹೀಗೆ ಎದುರಾಳಿಯೇ ಹೊಡೆದುಕೊಟ್ಟ.

ಹೋದ ವರ್ಷ ಪಂಚಮಿಗೆ ಅಕ್ಕನನ್ನು ತವರಿಗೆ ಕರೆಯಲು ಬಂದ ಬಸಲಿಂಗ ಒಬ್ಬನೇ ಬರಲಿಲ್ಲ. ಭತ್ತ ಇಳಿಸಿ ಖಾಲಿಯಾಗಿದ್ದ ಒಂದು ಲಾರಿಯಲ್ಲಿ ನಮ್ಮ ಮೇಲೆ ಮ್ಯಾಚು ಆಡಲು ತನ್ನ ಇಡೀ ತಂಡವನ್ನೂ ಹೇರಿಕೊಂಡು ಬಂದ. ತಂಡವನ್ನು ಶಾಲೆಯಲ್ಲಿ ಇಳಿಸಿ, ತಾನು ನಮ್ಮ ಮನೆಯಲ್ಲಿ ಊಟಕ್ಕೆ ಕೂತ. "ಅಕ್ಕನ್ನ ಗಣಪತಿ ಹಬ್ಬದ ಮಟ ಇಟ್ಕೋತೀವ್ರಿ" ಎಂದ. ಅಂದರೆ ಹತ್ತಿರ ಹತ್ತಿರ ಒಂದು ತಿಂಗಳು! ನನ್ನ ಕೈಯಲ್ಲಿದ್ದ ರೊಟ್ಟಿ ಅಲ್ಲೇ ನಿಂತಿತು. "ಎಂಟು ದಿನ. ಅದರ ಮ್ಯಾಲ ಒಂದ ದಿನಾನೂ ಇಲ್ಲ" ಎಂದೆ. ಮಾತಿಗೆ ಮಾತು ಬೆಳೆಯಿತು. ಕೊನೆಗೆ ಬಸಲಿಂಗ, "ನಾಳಿ ಮ್ಯಾಚಿನಾಗ ಫೈಸಲ್ ಆಗ್ಲಿ ಬಿಡ್ರಿ. ನೀವು ಗೆದ್ರ ಎಂಟು ದಿನ, ನಾವು ಗೆದ್ರ ಗಣಪತಿ ಹಬ್ಬ" ಎಂದ. ರೊಟ್ಟಿ ಬಡಿಸುತ್ತಿದ್ದ ನೀಲವ್ವ, "ನನ್ನನ್ನ ಕೇಳಾವ್ರು ಯಾರೂ ಇಲ್ಲೇನು?" ಎಂದಳು. ನಮ್ಮಿಬ್ಬರ ಬಾಯಲ್ಲೂ ಪಂಚಮಿಯ ಉಂಡಿ ತುಂಬಿತ್ತು. ಎರಡೂ ಕಡೆ ಬರಾಬರಿಯಾದರೆ ಏನು ಎಂಬ ಪ್ರಶ್ನೆ, ಎಲ್ಲವನ್ನೂ ಮುಂಚೆಯೇ ಯೋಚಿಸುವ ನನಗೂ ಆ ಹೊತ್ತಿನಲ್ಲಿ ಹೊಳೆಯಲಿಲ್ಲ.

ನಮ್ಮ ಕಡೆಯ ಎರೆ ನೆಲದ ಗುಣವನ್ನು ಇಲ್ಲಿ ಸ್ವಲ್ಪ ಹೇಳಬೇಕು. ಮಳೆ ನಿಂತು ಎರಡು ದಿನವಾದರೆ ಮೇಲೊಂದು ಪದರು ಒಣಗಿ, ನೆಲ ಗಟ್ಟಿಯಾದಂತೆ ಕಾಣುತ್ತದೆ. ಒಳಗೆ ಮಾತ್ರ ಇನ್ನೂ ಹಸಿ. ಒಬ್ಬಿಬ್ಬರು ಓಡಾಡಿದರೆ ಅಡ್ಡಿಯಿಲ್ಲ. ಒಂದೇ ಕಡೆ ಹತ್ತು ಜನ ತುಳಿದರೋ, ಪದರು ಒಡೆದು ಕೆಸರು ಮೇಲೆ ಬರುತ್ತದೆ. ಬಂದದ್ದು ಕಾಲನ್ನು ಹಿಡಿದರೆ ಬಿಡುವುದಿಲ್ಲ. ಇದು ನಮ್ಮೂರಿನ ಎಮ್ಮೆಗಳಿಗೂ ಗೊತ್ತು. ಆ ದಿನ ಮೈದಾನ ಸರಿಯಾಗಿ ಆ ಹದದಲ್ಲಿತ್ತು.

ಆಟ ಶುರುವಾದ ಸ್ವಲ್ಪ ಹೊತ್ತಿಗೇ ಇಮಾಮಸಾಬ ಒದ್ದ ಚೆಂಡು ಗಂಗಾವತಿಯವನೊಬ್ಬನ ಬೆನ್ನಿಗೆ ತಾಗಿ ಗೋಲಿನೊಳಗೆ ಹೋಯಿತು. ನಾನು ಛತ್ರಿ ಎತ್ತಿ ಸನ್ನೆ ಮಾಡಿದೆ. ಹತ್ತೂ ಜನ ಬಂದು ಕೊಟ್ರಪ್ಪನ ಮುಂದೆ ನಿಂತರು. ಅವರನ್ನು ಕೆಡವಲು ಬಸಲಿಂಗನ ಹತ್ತು ಜನರೂ ಅಲ್ಲಿಗೇ ನುಗ್ಗಿದರು. ಅರ್ಧ ಆಟ ಮುಗಿಯುವ ತನಕ ಇಪ್ಪತ್ತೊಂದು ಜನ ಅಲ್ಲೇ ತುಳಿದಾಡಿದರು. ಚೆಂಡು ಕೆಸರಲ್ಲಿ ಹುಗಿದುಕೊಂಡು ಗೋಲಿನ ಕಡೆ ಹೊರಳಲೇ ಇಲ್ಲ. ನೆಲವೂ ನನ್ನ ಸಿದ್ಧಾಂತವನ್ನು ಒಪ್ಪಿತೆಂದು ನಾನು ಹಿಗ್ಗಿ ಹೀರೆಕಾಯಿಯಾದೆ. "ನೋಡಿದೇನೋ ಬಸಲಿಂಗಾ? ಇದಕ್ಕ ಕೋಟೆ ಕಟ್ಟೋದು ಅಂತಾರ" ಎಂದು ಅವನ ಬೆನ್ನು ತಟ್ಟಿಯೂ ಬಂದೆ. ಅವನು ನಕ್ಕ. "ಕೋಟೆ ಭಾಳ ಛಲೋ ಕಟ್ಟೀರಿ, ಮಾವಾರ. ಈಗ ಬಾಜೂ ಬದಲಿ ಮಾಡೋಣೇನ್ರಿ?" ಎಂದ.

ನಾನು ತಿರುಗಿ ಆಚೆಯ ಗೋಲನ್ನು ನೋಡಿದೆ. ಅರ್ಧ ಆಟ ಮುಗಿದರೆ ಎರಡೂ ತಂಡ ಗೋಲು ಬದಲಿಸಬೇಕೆಂದು ಮಕ್ಕಳಿಗೆ ಪಾಠ ಹೇಳುವವನು ನಾನು. ಕಷ್ಟಪಟ್ಟು ತುಳಿದು ಕಟ್ಟಿದ ಕೋಟೆಯನ್ನು ಶತ್ರುವಿನ ಕೈಗೆ ಕೊಟ್ಟು, ಯಾರೂ ಕಾಲಿಡದ ಗಟ್ಟಿ ನೆಲದ ಗೋಲಿಗೆ ನಾವು ನಡೆದೆವು. ಗಟ್ಟಿ ನೆಲದ ಮೇಲೆ ಚೆಂಡು ಸುಂಯ್ಯೆಂದು ಬಂತು. ಕೊಟ್ರಪ್ಪ ಬಗ್ಗುವಷ್ಟರಲ್ಲಿ ಗೋಲು. ಒಂದಕ್ಕೊಂದು ಬರಾಬರಿ. ಅತ್ತ ನಮ್ಮವರು ಒದ್ದದ್ದೆಲ್ಲ ಕೆಸರಲ್ಲಿ ಹೋಗಿ ಕೂರುತ್ತಿತ್ತು. ಗಂಗಾವತಿಯ ಗೋಲಿ ಶೇಂಗಾ ಸುಲಿದು ತಿನ್ನುತ್ತ ನಿಂತಿದ್ದ. ಹಾಗೂ ಹೀಗೂ ಕೊನೆಯ ಐದು ನಿಮಿಷ ಉಳಿಯಿತು. ಇಮಾಮಸಾಬ ನನ್ನ ಹತ್ತಿರ ಓಡಿ ಬಂದು, "ಉಸ್ತಾದ್, ಎಲ್ಲಾರೂ ಹಿಂದ ನಿಂತು ಬರಾಬರಿ ಉಳಿಸ್ಕೊಳ್ಳೋಣ್ರಿ. ಸೋತಂಗ ಆಗೂದಿಲ್ಲ" ಎಂದ. ಹತ್ತು ವರ್ಷ ನಾನು ಕಲಿಸಿದ ಪಾಠವನ್ನೇ ನನಗೆ ಒಪ್ಪಿಸಿದ. ಹೌದೆನ್ನಬೇಕು ಎನ್ನುವಷ್ಟರಲ್ಲಿ ಮೈದಾನದ ಆಚೆ ನಿಂತಿದ್ದ ಲಾರಿ ಕಂಡಿತು. ಅದರ ಪಕ್ಕದಲ್ಲಿ ನೀಲವ್ವನ ತಗಡಿನ ಟ್ರಂಕು. ಅದರ ಮೇಲೆ ನೀಲವ್ವ ಸೆರಗು ಹೊದ್ದು ಕೂತಿದ್ದಳು.

ಒಂದು ತಿಂಗಳು ಆ ಮನೆಯಲ್ಲಿ ಒಬ್ಬನೇ ಇರುವುದು ನನ್ನ ಕಣ್ಣಿಗೆ ಕಟ್ಟಿತು. ರೊಟ್ಟಿಯ ಚಿಂತೆ ಎಂದು ನೀವು ತಿಳಿದರೆ ತಪ್ಪು. ರೊಟ್ಟಿಯದೂ ಇತ್ತು, ಸುಳ್ಳೇಕೆ ಹೇಳಲಿ. ಆದರೆ ಸಂಜೆ ಮನೆಗೆ ಹೋದಾಗ "ಛತ್ರಿ ಅಲ್ಲಿಡ್ರಿ, ಯಾರೂ ಒಯ್ಯಂಗಿಲ್ಲ" ಎಂದು ನಗುವವರು ಇರುವುದಿಲ್ಲವಲ್ಲ. ನನಗೆ ಏನಾಯಿತೋ ತಿಳಿಯದು. "ಎಲ್ಲಾರೂ ಮುಂದ ಹೋಗ್ರಿ!" ಎಂದು ಕೂಗಿದೆ. ನನ್ನ ದನಿ ನನಗೇ ಹೊಸದಾಗಿತ್ತು. ಕೊಟ್ರಪ್ಪ ಗಾಬರಿಯಿಂದ, "ನಾನೂ ಹೋಗ್ಬೇಕೇನ್ರಿ?" ಎಂದ. "ನೀನೂ ಹೋಗೋ!" ಎಂದೆ. ಅವನು ಧೋತರದ ಕಚ್ಚೆ ಬಿಗಿದು ಓಡಿದ. ಯಲಬುರ್ಗಾದ ಹನ್ನೊಂದೂ ಜನ ಕೆಸರಿಗೆ ಬಿದ್ದು ಚೆಂಡನ್ನು ದಬ್ಬತೊಡಗಿದರು. ಗೆರೆಗೆ ಒಂದು ಗೇಣು ಉಳಿಯಿತು. ಇಮಾಮಸಾಬ ಒದೆಯಲು ಕಾಲೆತ್ತಿದ, ಕಾಲು ಬರಲಿಲ್ಲ. ಅಷ್ಟರಲ್ಲಿ ಗಂಗಾವತಿಯವನೊಬ್ಬ ಮೊಣಕಾಲೂರಿ ಚೆಂಡನ್ನು ಹೊರಗೆ ತಳ್ಳಿದ. ಇನ್ನೊಬ್ಬ ಅದನ್ನು ಗಟ್ಟಿ ನೆಲಕ್ಕೆ ಒದ್ದ. ಅಲ್ಲಿ ಬಸಲಿಂಗನ ತಂಡದವನೊಬ್ಬ ಒಂಟಿಯಾಗಿ ನಿಂತಿದ್ದ. ನಮ್ಮ ಹನ್ನೊಂದೂ ಜನರ ಕಾಲು ಕೆಸರಲ್ಲಿ. ಅವನು ಓಡಲೂ ಇಲ್ಲ. ಹೊಲಕ್ಕೆ ಹೋಗುವವನಂತೆ ನಡೆದುಕೊಂಡು ಹೋಗಿ ಖಾಲಿ ಗೋಲಿನಲ್ಲಿ ಚೆಂಡು ಇಟ್ಟ.

ಬಸಲಿಂಗ ಬಂದು ನನ್ನನ್ನು ತಬ್ಬಿಕೊಂಡ. "ಮಾವಾರ, ಇವತ್ತ ನೀವು ಆಟ ಆಡಿದ್ರಿ ನೋಡ್ರಿ!" ಎಂದ. ಗೆದ್ದವರು ಹೀಗೆ ಹೊಗಳಿದರೆ ಗಾಯಕ್ಕೆ ಉಪ್ಪು ಹಚ್ಚಿದಂತಾಗುತ್ತದೆ. ಲಾರಿ ಹತ್ತುವ ಮೊದಲು ನೀಲವ್ವ ನನ್ನ ಹತ್ತಿರ ಬಂದು ಮೆಲ್ಲಗೆ ಕೇಳಿದಳು: "ಬರಾಬರಿ ಇತ್ತಲ್ರಿ, ನಿಮಗ ಮುಂದ ಹೋಗಂತ ಯಾರು ಹೇಳಿದ್ರು? ಬರಾಬರಿ ಆಗಿದ್ರ ನನ್ನ ಮರ್ಜಿ ನಡೀತಿತ್ತು." "ನಿನ್ನ ಮರ್ಜಿ ಏನಿತ್ತು?" ಎಂದೆ. "ಈಗ ಅದನ್ನ ಕೇಳಿ ಏನ್ ಮಾಡ್ತೀರಿ?" ಎಂದು ಲಾರಿ ಹತ್ತಿದಳು. ಲಾರಿ ತಿರುವಿನಲ್ಲಿ ಮರೆಯಾಗುವ ತನಕ ಹಿಂದಿರುಗಿ ನೋಡುತ್ತಲೇ ಇದ್ದಳು.

ಮುಂದಿನ ದಿನಗಳನ್ನು ಹೇಗೆ ಕಳೆದೆನೆಂದು ಹೇಳಿ ನಿಮ್ಮನ್ನು ನೋಯಿಸಲಾರೆ. ನಾನು ತಟ್ಟಿದ ರೊಟ್ಟಿಯನ್ನು ಕೊಟ್ರಪ್ಪ ತನ್ನ ಎತ್ತಿಗೆ ಹಾಕಿದ. ಎತ್ತು ಮೂಸಿ ನೋಡಿ ನನ್ನ ಮುಖ ನೋಡಿತು. ಹನ್ನೆರಡನೆಯ ದಿನ ತಡೆಯಲಾಗಲಿಲ್ಲ. ಒಂದು ಸಲ ಗೋಲು ಬಿಟ್ಟು ಮುಂದೆ ಹೋದವನಿಗೆ ಎರಡನೆಯ ಸಲ ಅಷ್ಟು ಕಷ್ಟವಾಗುವುದಿಲ್ಲ. ಯಾರಿಗೂ ಹೇಳದೆ, ಕಾಗದವನ್ನೂ ಬರೆಯದೆ, ಮನೆಗೆ ಕೀಲಿ ಹಾಕಿ, ಮೂರು ಸಲ ಜಗ್ಗಿ, ಕೀಲಿಕೈಯನ್ನು ಸೊಂಟಕ್ಕೆ ಸಿಕ್ಕಿಸಿ ಗಂಗಾವತಿಗೆ ಹೊರಟೆ. ಕೊಪ್ಪಳದಲ್ಲಿ ಬಸ್ಸು ಬದಲಿಸಬೇಕು. ಜಾಗ ಹೋದೀತೆಂದು ಒಂದು ತಾಸು ಮೊದಲೇ ಬಸ್ಸಿನಲ್ಲಿ ಕೂತು, ಮೊಣಕಾಲ ನಡುವೆ ಛತ್ರಿ ನಿಲ್ಲಿಸಿಕೊಂಡು, ಆಚೀಚೆ ನೋಡದೆ ಕಾಯುತ್ತಿದ್ದೆ. ಗಂಗಾವತಿ ಮುಟ್ಟಿದಾಗ ಬಾಗಿಲು ತೆರೆದ ಬಸಲಿಂಗ ನನ್ನನ್ನು ನೋಡಿ ಬಿದ್ದು ಬಿದ್ದು ನಕ್ಕ. "ಅಕ್ಕ ಮುಂಜಾನಿ ಬಸ್ಸಿಗೇ ಹೋದ್ಲಲ್ರಿ ಮಾವಾರ! ಇನ್ನ ಒಂದ ದಿನಾನೂ ನಿಂದ್ರಂಗಿಲ್ಲ ಅಂತ ಹಟ ಹಿಡದ್ಲು" ಎಂದ. ನನ್ನ ಕೈ ತಾನಾಗಿಯೇ ಸೊಂಟಕ್ಕೆ ಹೋಯಿತು. ಕೀಲಿಕೈ ಅಲ್ಲಿ ಭದ್ರವಾಗಿತ್ತು. ತಿರುಗಿ ಬಸ್ಸು ಇದ್ದದ್ದು ಮರುದಿನ.

ಮರುದಿನ ಊರು ಮುಟ್ಟಿದಾಗ ನನ್ನ ಮನೆಯ ಬಾಗಿಲು ತೆರೆದಿತ್ತು. ಮೂರು ಸಲ ಜಗ್ಗಿದರೂ ಜಗ್ಗದ ಕೀಲಿ ಎರಡು ತುಂಡಾಗಿ ಕಟ್ಟೆಯ ಮೇಲೆ ಬಿದ್ದಿತ್ತು. ಪಕ್ಕದಲ್ಲಿ ಒಂದು ಗುಂಡುಕಲ್ಲು. ಒಳಗೆ ರೊಟ್ಟಿ ಬಡಿಯುವ ಸದ್ದು. "ಎಲ್ಲಿ ಹೋಗ್ಯಾರಂತ ಕೇಳಿದ್ರ ಒಬ್ಬರಿಗೂ ಗೊತ್ತಿಲ್ಲ. ವಿಚಾರ ಮಾಡ್ಕೋತ ಕುಂತಿದ್ರ ನಾ ಕಟ್ಟಿ ಮ್ಯಾಲ ಮಲಗಬೇಕಾಗ್ತಿತ್ತು. ಒಡದ್ ಹಾಕಿದೆ" ಎಂದಳು ನೀಲವ್ವ. ಆಮೇಲೆ ನಗು ತಡೆಯಲಾರದೆ, "ಕೊಪ್ಪಳದಾಗ ಒಂದು ಛತ್ರಿ ಕಂಡಿತ್ತು ನೋಡ್ರಿ. ನಮ್ಮನಿಯವರು ಮನಿ ಬಿಟ್ಟು ಬರೂದುಂಟಾ, ಅಂಥಾವ್ರು ಇನ್ನೊಬ್ರು ಅದಾರ ಅಂದ್ಕೊಂಡೆ" ಎಂದಳು. ಯಾಕೆ ಇಷ್ಟು ಬೇಗ ಬಂದೆ ಎಂದು ಕೇಳಿದೆ. ರೊಟ್ಟಿ ತಿರುವಿ ಹಾಕುತ್ತ, "ನೀವು ಕೊಟ್ರಪ್ಪಣ್ಣನ್ನ ಸೈತ ಗೋಲು ಬಿಡಿಸಿ ಓಡಿಸಿದ್ದು ನೆನಪಾತು" ಎಂದಳು. ನಾನು ಛತ್ರಿಯನ್ನು ಮೂಲೆಯಲ್ಲಿ ಇಟ್ಟು ಅವಳ ಪಕ್ಕದಲ್ಲೇ ಕೂತೆ.

ಈ ವರ್ಷದ ಪಂಚಮಿಗೆ ಇನ್ನು ಹನ್ನೊಂದು ದಿನವಿದೆ. ಅದೇ ಕರಾರಿನ ಮೇಲೆ ಮತ್ತೆ ಮ್ಯಾಚು ಆಡೋಣವೆಂದು ಬಸಲಿಂಗನ ಕಾಗದ ಬಂದಿದೆ. ಬರಾಬರಿಯಾದರೆ ಏನೆಂದು ಮೊದಲು ತೀರ್ಮಾನವಾಗಲಿ ಎಂದೆ ನಾನು. "ಬರಾಬರಿ ಆದ್ರ ನೀವೂ ನನ್ನ ಜೋಡಿ ತವರಿಗೆ ಬರ್ರಿ" ಎಂದಳು ನೀಲವ್ವ. ಹೆಂಡತಿಯ ತವರಿನಲ್ಲಿ ಗಂಡ ಹೋಗಿ ಪಂಚಮಿಯ ಜೋಕಾಲಿ ಆಡುವುದೆಂದರೆ ನಾಲ್ಕು ಜನ ಏನೆಂದಾರು? ವಿಚಾರ ಮಾಡಿ ಹೇಳ್ತೀನಿ ಎಂದಿದ್ದೇನೆ, ಇನ್ನೂ ಮಾಡುತ್ತಿದ್ದೇನೆ. ನಿನ್ನೆ ಏನೋ ಹುಡುಕಲು ಅವಳ ಟ್ರಂಕು ತೆರೆದರೆ, ಸೀರೆಗಳ ಕೆಳಗೆ ನನ್ನ ಎರಡು ಧೋತರಗಳನ್ನು ಮಡಿಚಿ ಇಟ್ಟಾಗಿತ್ತು. ಯಾರೂ ನೋಡಲಿಲ್ಲವೆಂದು ಖಾತ್ರಿ ಮಾಡಿಕೊಂಡು, ಮುಚ್ಚಳ ಹಾಕಿ, ಕೀಲಿ ಹಾಕಿ, ಮೂರು ಸಲ ಜಗ್ಗಿ ನೋಡಿದೆ.