ಎ.ಸಿ.ಗೆ ಕಟ್ಟಿದ ರೈನ್‌ಗಾರ್ಡ್

ಅಳದಂಗಡಿಯ ಜತ್ತಪ್ಪಣ್ಣನ ಮನೆಯನ್ನು ಅವರ ಬೀಗಿತ್ತಿ ಪುಷ್ಪಾವತಿಯವರು ಕೊಬ್ಬರಿ ಒಣಗಿಸುವ ಗೂಡಿಗೆ ಹೋಲಿಸಿದ್ದರು. ಅದೂ ಮದುವೆಯ ಮಾರನೆಯ ದಿನ, ಊಟದ ಪಂಕ್ತಿಯಲ್ಲಿ, ಎಲ್ಲರಿಗೂ ಕೇಳುವ ಹಾಗೆ. ಅಂದಿನಿಂದ ಜತ್ತಪ್ಪಣ್ಣನಿಗೆ ಊಟ ಸೇರುತ್ತಿರಲಿಲ್ಲ (ತಿಂಡಿ ಮಾತ್ರ ಸೇರುತ್ತಿತ್ತು).

ಹೋಲಿಕೆಯಲ್ಲಿ ಸುಳ್ಳೇನೂ ಇರಲಿಲ್ಲ. ತಾರಸಿ ಮನೆ. ಮಾರ್ಚ್ ಬಂತೆಂದರೆ ಮಧ್ಯಾಹ್ನ ಗೋಡೆಗೆ ಒರಗಿದವರು ತಾವಾಗಿಯೇ ನೆಟ್ಟಗೆ ಕೂರುತ್ತಿದ್ದರು. ಆದರೆ ಈಗ ವಿಷಯ ಬರೀ ಮರ್ಯಾದೆಯದ್ದಾಗಿ ಉಳಿದಿರಲಿಲ್ಲ. ಮಗಳು ವಿಸ್ಮಿತಾ ಮೂಡಬಿದ್ರೆಯ ಗಂಡನ ಮನೆಯಲ್ಲಿ ತುಂಬು ಬಸುರಿ. ಅಳಿಯ ಧನರಾಜ್ ಮಸ್ಕತ್‌ನಲ್ಲಿ. ಚೊಚ್ಚಲ ಹೆರಿಗೆಗೆ ಮಗಳನ್ನು ಕರೆತರಬೇಕೆಂದು ಜತ್ತಪ್ಪಣ್ಣನ ಹೆಂಡತಿ ಸೇಸಮ್ಮ ಬಾಣಂತಿ ಮದ್ದಿನ ಸಾಮಾನು ಹೊಂದಿಸಿ, ಎಣ್ಣೆಸ್ನಾನಕ್ಕೆಂದು ಗಾಣದ ತೆಂಗಿನೆಣ್ಣೆಯನ್ನು ಡಬ್ಬದಲ್ಲಿ ತುಂಬಿಸಿಟ್ಟು ಕಾದು ಕುಳಿತಿದ್ದರು. ಪುಷ್ಪಾವತಿಯವರದು ಒಂದೇ ಷರತ್ತು. ಸೊಸೆಗೆ ಎ.ಸಿ. ಅಭ್ಯಾಸವಾಗಿದೆ, ಆ ಗೂಡಿಗೆ ಕಳಿಸಲಾಗದು, ತಂಪು ಉಂಟೆಂದು ತಾನೇ ಬಂದು ನೋಡಿದ ಮೇಲೆ ಕಳಿಸುವುದು, ಇಲ್ಲವಾದರೆ ಬಾಣಂತನ ಮೂಡಬಿದ್ರೆಯಲ್ಲೇ.

"ನಮ್ಮಲ್ಲೂ ಎ.ಸಿ. ಉಂಟು ಪುಷ್ಪಕ್ಕ. ನೀವು ಭಾನುವಾರವೇ ಬನ್ನಿ" ಎಂದು ಜತ್ತಪ್ಪಣ್ಣ ಫೋನಿನಲ್ಲಿ ಎದೆಯುಬ್ಬಿಸಿ ಹೇಳಿಬಿಟ್ಟರು.

ಉಂಟು ಎನ್ನುವುದು ನಿಜ. ಕಳೆದ ಆಟಿ ತಿಂಗಳಲ್ಲಿ, ಹೊರಗೆ ಮಳೆ ಧೋ ಎಂದು ಸುರಿಯುವಾಗ, ಬಿ.ಸಿ.ರೋಡಿನ ಅಂಗಡಿಯೊಂದರಿಂದ ಅಗ್ಗದಲ್ಲಿ ತಂದದ್ದು. ಜೋಡಿಸಲು ಬಂದ ಇಹ್ಸಾನ್ ಒಮ್ಮೆ ಸ್ವಿಚ್ ಹಾಕಿ ತೋರಿಸಿದಾಗ ಮನೆಯವರೆಲ್ಲ ಕಂಬಳಿ ಹುಡುಕಿದ್ದರು. ಅಲ್ಲಿಗೆ ಅದರ ಸೇವೆ ಮುಗಿದಿತ್ತು.

ಆದರೆ ಹೊರಗಿನ ಗೋಡೆಗೆ ಕೂರಿಸಿದ ಪೆಟ್ಟಿಗೆ ಮಳೆಯಲ್ಲಿ ನೆನೆಯುವುದನ್ನು ನೋಡಿ ಜತ್ತಪ್ಪಣ್ಣನ ಕರುಳು ಚುರುಕ್ ಎಂದಿತ್ತು. ಹೊಸ ಸಾಮಾನು, ಪಾಪ, ಮಳೆಯಲ್ಲಿ ನಿಂತಿದೆ. ಮಳೆಗೆ ನಿಂತದ್ದನ್ನು ಕಾಪಾಡುವುದು ಹೇಗೆಂದು ಅವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಮನೆಯ ಹಿಂದೆ ಅವರದೇ ರಬ್ಬರ್ ಮರಗಳಿದ್ದವು. ಪ್ರತಿ ಮಳೆಗಾಲವೂ ಆ ಮರಗಳ ಸೊಂಟಕ್ಕೆ ಡಾಂಬರಿನಂಥ ಕಪ್ಪು ಅಂಟು ಬಳಿದು, ಅದರ ಮೇಲೆ ಪ್ಲಾಸ್ಟಿಕ್ಕಿನ ಲಂಗ ಕಟ್ಟುವುದುಂಟು. ರೈನ್‌ಗಾರ್ಡ್ ಎಂದರೆ ಅದೇ. ಹಾಲು ಸುರಿಯುವ ಗೀರಿಗೆ ಒಂದು ಹನಿ ನೀರೂ ಇಳಿಯಬಾರದು. ಜತ್ತಪ್ಪಣ್ಣ ಕಟ್ಟಿದ ರೈನ್‌ಗಾರ್ಡ್ ಸೋರಿದ ದಾಖಲೆ ಇಡೀ ಊರಿನಲ್ಲಿ ಇಲ್ಲ. ಅಂಥ ಮಹನೀಯರು ಮರಕ್ಕೊಂದು ನ್ಯಾಯ, ಎ.ಸಿ.ಗೊಂದು ನ್ಯಾಯ ಮಾಡುವರೇ? ಪೆಟ್ಟಿಗೆಯ ನಾಲ್ಕು ಅಂಚಿಗೂ ಅಂಟು ಬಳಿದು, ಪ್ಲಾಸ್ಟಿಕ್ ಸುತ್ತಿ, ಅದರ ಮೇಲೆ ಮತ್ತೆ ಅಂಟು, ಮತ್ತೆ ಪ್ಲಾಸ್ಟಿಕ್, ಕೊನೆಗೆ ನೈಲಾನ್ ಹಗ್ಗ. ಹಲಸಿನ ಎಲೆಯಲ್ಲಿ ಕಟ್ಟಿದ ಕಡುಬು ಕೂಡ ಅಷ್ಟು ಬಿಗಿಯಾಗಿರುವುದಿಲ್ಲ.

ಈಗ ಬಿಚ್ಚಬೇಕು. ಇಹ್ಸಾನ್‌ಗೆ ಫೋನ್ ಮಾಡಿದರೆ, ಬಿಸು ಹಬ್ಬ ಕಳೆಯುವವರೆಗೆ ತನಗೆ ತಲೆ ತುರಿಸಲೂ ಪುರುಸೊತ್ತಿಲ್ಲ, ಹೊರಗಿನ ಕವರ್ ತೆಗೆದು ಒಳಗಿನ ಜಾಲರಿ ತೊಳೆದು ಸ್ವಿಚ್ ಹಾಕಿದರೆ ಸಾಕು ಎಂದ. ಕವರ್ ಯಾವ ಜಾತಿಯದ್ದೆಂದು ಜತ್ತಪ್ಪಣ್ಣ ಅವನಿಗೆ ಹೇಳಲಿಲ್ಲ.

ಭಾನುವಾರ ಬೆಳಿಗ್ಗೆಯೇ ಅವರು ಏಣಿ ಇಟ್ಟರು. ಹಗ್ಗವೇನೋ ಕತ್ತಿಗೆ ಬಗ್ಗಿತು. ಪ್ಲಾಸ್ಟಿಕ್ ಬಗ್ಗಲಿಲ್ಲ. ಬಿಸಿಲಿಗೆ ಅಂಟು ಕರಗಿ, ಪೆಟ್ಟಿಗೆಯೂ ಪ್ಲಾಸ್ಟಿಕ್ಕೂ ಜನ್ಮಜನ್ಮಾಂತರದ ಬಂಧುಗಳಾಗಿದ್ದವು. ಸಾಬೂನು ಹಾಕಿ ಉಜ್ಜಿದರೆ ಸಾಬೂನೇ ಕಪ್ಪಾಯಿತು. ಈ ಅಂಟಿಗೆ ತೆಂಗಿನೆಣ್ಣೆಯೇ ಮದ್ದೆಂದು ಅವರಿಗೆ ಗೊತ್ತಿತ್ತು. ಮನೆಯಲ್ಲಿ ಅಷ್ಟು ಎಣ್ಣೆ ಎಲ್ಲಿದೆ ಎಂಬುದೂ ಗೊತ್ತಿತ್ತು.

ಸೇಸಮ್ಮ ಹಿತ್ತಲಿಗೆ ಬಂದಾಗ ಎ.ಸಿ.ಗೆ ಅಭ್ಯಂಜನ ನಡೆಯುತ್ತಿತ್ತು. ಜತ್ತಪ್ಪಣ್ಣ ಅಂಗೈಯಲ್ಲಿ ಎಣ್ಣೆ ಹೊಯ್ದುಕೊಂಡು, ಮೂಲೆ ಮೂಲೆಗೆ ತಿಕ್ಕಿ, ಸಂದುಗಳಿಗೆ ಹಳೆಯ ಹಲ್ಲುಜ್ಜುವ ಬ್ರಷ್ ಹಾಕಿ, ಹಸುಗೂಸನ್ನು ಮೀಯಿಸುವ ಜಾಗ್ರತೆಯಲ್ಲಿ ಕೆಲಸ ಮಾಡುತ್ತಿದ್ದರು.

"ಅದು ಬಾಣಂತಿಗೆ ಇಟ್ಟ ಎಣ್ಣೆ ಅಲ್ವಾ?"

"ಬಾಣಂತಿ ಇಲ್ಲಿಗೆ ಬರಬೇಕಾದ್ರೆ ಮೊದಲು ಇದು ಮೀಯಬೇಕು ಮಾರಾಯ್ತಿ."

"ಸಾರಿನ ಒಗ್ಗರಣೆಗೆ ನಾನು ಹನಿ ಹನಿ ಬಿಡ್ತೇನೆ. ಇವರು ಕಬ್ಬಿಣದ ಬಾಣಂತಿಗೆ ಸೌಟಿನಲ್ಲಿ ಹೊಯ್ತಾರೆ. ಹೊಟ್ಟೆಗೆ ಬಟ್ಟೆಯನ್ನೂ ಕಟ್ಟಿ, ಸಾಂಬ್ರಾಣಿ ಹೊಗೆಯನ್ನೂ ಹಾಕಿ." ಸೇಸಮ್ಮ ಡಬ್ಬವನ್ನು ಕಸಿದುಕೊಂಡು ಒಳಗೆ ಹೋಗಿ ಕಪಾಟಿಗೆ ಬೀಗ ಹಾಕಿದರು.

ಇನ್ನು ಉಳಿದದ್ದು ಹಿಂಬದಿ. ಎಣ್ಣೆ ಇಲ್ಲ. ಜತ್ತಪ್ಪಣ್ಣ ಎರಡೂ ಕೈಗಳಿಂದ ಆ ಕಪ್ಪು ಪಾಯಸವನ್ನು ಬಾಚಿ ಬಾಚಿ ತೆಗೆದರು. ಕೊನೆಯ ಚೂರು ಕಿತ್ತು ಬಂದು, ಪೆಟ್ಟಿಗೆ ಎಣ್ಣೆಯಲ್ಲಿ ಮಿರಮಿರ ಮಿಂಚುತ್ತಿದ್ದಂತೆ ಅಂಗಳದಲ್ಲಿ ಕಾರಿನ ಹಾರ್ನ್ ಕೇಳಿತು. ಸಂಜೆ ಐದಕ್ಕೆ ಬರುತ್ತೇವೆಂದ ಬೀಗರು ಹನ್ನೊಂದಕ್ಕೇ ಬಂದಿದ್ದರು. ಬಿಸಿ ಏರುವ ಹೊತ್ತಿನಲ್ಲೇ ತಂಪಿನ ಪರೀಕ್ಷೆಯಾಗಬೇಕೆಂಬುದು ಪುಷ್ಪಾವತಿಯವರ ಲೆಕ್ಕಾಚಾರ. ಹಿಂದೆಯೇ ಅವರ ಗಂಡ ಕುಶಾಲಪ್ಪಣ್ಣ ಇಳಿದರು.

ಜತ್ತಪ್ಪಣ್ಣ ಓಡಿ ಬಂದು, ಕೈ ಕಪ್ಪಾಗಿರುವುದು ಮರೆತು, "ಬನ್ನಿ ಪುಷ್ಪಕ್ಕ" ಎಂದು ಕೈಮುಗಿದರು.

ಮುಗಿದ ಕೈ ಮುಗಿದೇ ಉಳಿಯಿತು.

ಎಳೆದರು, ಬರಲಿಲ್ಲ. ತಿರುಚಿದರು, ಬರಲಿಲ್ಲ. ಸೋರದ ರೈನ್‌ಗಾರ್ಡ್ ಕಟ್ಟಿದವರ ಅಂಟು, ಸುಮ್ಮನೆ ಬಿಟ್ಟೀತೇ? ಬೀಗರು ಚಾವಡಿಯಲ್ಲಿ ಕೂತರು, ಜತ್ತಪ್ಪಣ್ಣ ಕೈಮುಗಿದುಕೊಂಡು ನಿಂತರು. ಕುಳಿತುಕೊಳ್ಳಿ ಎಂದರೆ ಕೈಮುಗಿದುಕೊಂಡೇ ಕುಳಿತರು. ಪುನರ್ಪುಳಿ ಶರಬತ್ತು ಬಂದಾಗ ಎಲ್ಲರೂ ಕುಡಿದರು, ಇವರು ಮುಗಿದ ಕೈಯನ್ನೇ ಸ್ವಲ್ಪ ಮೇಲೆತ್ತಿ ಬೇಡವೆಂದು ಸೂಚಿಸಿದರು. ಸಂಗತಿ ತಿಳಿದ ಸೇಸಮ್ಮನ ಕಣ್ಣು ಕೆಂಪಾದರೂ ಬಾಯಿ ಸಿಹಿಯಾಗಿಯೇ ಇತ್ತು. ನೀವು ಬಂದರೆ ಅವರಿಗೆ ದೇವರು ಬಂದ ಹಾಗೆ, ಬೆಳಿಗ್ಗೆಯಿಂದ ಒಂದು ಹನಿ ನೀರು ಮುಟ್ಟಿಲ್ಲ ಎಂದು ವಿವರಿಸಿದರು.

ಪುಷ್ಪಾವತಿಯವರ ಮುಖ ಮೆತ್ತಗಾಯಿತು. "ನಮ್ಮ ಇವರು ನನಗೆ ಒಂದು ದಿನವಾದರೂ ಹೀಗೆ ಕೈಮುಗಿದದ್ದು ಉಂಟಾ ಕೇಳಿ" ಎಂದು ಅವರು ಗಂಡನ ಕಡೆ ತಿರುಗಿದಾಗ ಕುಶಾಲಪ್ಪಣ್ಣ ಕಿಟಕಿಯಾಚೆಗಿನ ಬಾಳೆಗಿಡವನ್ನು ಬಹಳ ಆಸಕ್ತಿಯಿಂದ ನೋಡತೊಡಗಿದರು.

ಪರೀಕ್ಷೆ ಶುರುವಾಯಿತು. ಸೇಸಮ್ಮನಿಗೆ ರಿಮೋಟ್ ಗೊತ್ತಿಲ್ಲ. ಜತ್ತಪ್ಪಣ್ಣ ಮಂಚದ ಮೇಲಿದ್ದ ರಿಮೋಟಿನ ಮೇಲೆ ಬಾಗಿ, ಮುಗಿದ ಕೈಯ ತುದಿಯಿಂದ ಗುಂಡಿ ಒತ್ತಿದರು. ನೋಡುವವರಿಗೆ ಎ.ಸಿ.ಗೆ ಅಡ್ಡಬಿದ್ದ ಹಾಗೆ ಕಂಡಿತು. ಅದೂ ಪ್ರಸನ್ನವಾಯಿತು. ಗುರ್ ಎಂದು ಶುರುವಾಗಿ ತಣ್ಣಗಿನ ಗಾಳಿ ಇಳಿಯಿತು. ಪುಷ್ಪಾವತಿಯವರು ಎರಡು ನಿಮಿಷ ಮಲಗಿ ನೋಡುತ್ತೇನೆಂದು ಮಲಗಿದರು. ಎದ್ದಾಗ ಸಂಜೆಯ ಕಾಫಿಯ ಹೊತ್ತು. ಅಷ್ಟರಲ್ಲಿ ಸೇಸಮ್ಮ ಕಪಾಟಿನ ಬೀಗ ತೆಗೆದು, ಬೈಗುಳದ ಜೊತೆ ಎಣ್ಣೆ ಸುರಿದು ಗಂಡನ ಕೈಗಳಿಗೆ ವಿಚ್ಛೇದನ ಕೊಡಿಸಿದ್ದರು.

"ತಂಪು ಚೆನ್ನಾಗಿ ಉಂಟು ಜತ್ತಪ್ಪಣ್ಣ. ಮರ್ಯಾದೆಯೂ ಉಂಟು. ಆದರೆ ಚೊಚ್ಚಲು ಬಸುರಿ ನೋಡಿ, ಒಂದು ದಿನದ ಪರೀಕ್ಷೆ ಸಾಲದು. ಮೊದಲು ನಾನೇ ಬಂದು ಸ್ವಲ್ಪ ಸಮಯ ಇದ್ದು ನೋಡ್ತೇನೆ. ಬುಧವಾರ ಬರುವ, ಆಗದಾ?" ಎಂದು ಪುಷ್ಪಾವತಿಯವರು ಸೆರಗು ತಲೆಗೆ ಹೊದ್ದುಕೊಂಡು ಕಾರು ಹತ್ತಿದರು.

ಸ್ವಲ್ಪ ಸಮಯ ತಾನೇ, ಆಮೇಲೆ ಮಗಳು ಬರುತ್ತಾಳಲ್ಲ ಎಂದು ಗಂಡಹೆಂಡಿರು ಸಮಾಧಾನ ಮಾಡಿಕೊಂಡರು. ಮರುದಿನ ಮಗಳ ಫೋನ್ ಬಂತು. ಸೇಸಮ್ಮ ಸ್ಪೀಕರ್ ಹಾಕಿದರು.

"ಅಪ್ಪ, ಅತ್ತೆ ದೊಡ್ಡ ಸೂಟ್‌ಕೇಸ್ ತುಂಬಿಸ್ತಾ ಇದ್ದಾರೆ. ಸ್ವೆಟರ್ ಕೂಡ ಹಾಕಿದ್ದಾರೆ. ನೀವು ಎಂತ ಮಾಡಿದ್ದು?"

"ನಿನ್ನನ್ನು ಕರೆದುಕೊಂಡು ಬರ್ಲಿಕ್ಕೆ ಮಾಡಿದ್ದು ಮಗಾ."

"ನಾನು ಅಲ್ಲಿಗೆ ಬರ್ತೇನೆ ಅಂದದ್ದು ಅತ್ತೆಯಿಂದ ಸ್ವಲ್ಪ ದೂರ ಇರ್ಲಿಕ್ಕೆ. ಇಲ್ಲಿ ಎ.ಸಿ. ಇರುವುದು ನನ್ನ ಕೋಣೆಯಲ್ಲಿ ಮಾತ್ರ. ಅತ್ತೆಗೆ ಬರೀ ಫ್ಯಾನ್. ಕೇಳ್ಲಿಕ್ಕೆ ಅವರಿಗೆ ನಾಚಿಕೆ. ಈಗ ಅವರು ಅಲ್ಲಿಗೆ ಬಂದ್ರೆ ನಾನು ಯಾಕೆ ಬರ್ಲಿ? ಇಲ್ಲೇ ಆರಾಮ ಉಂಟು. ಅಮ್ಮನನ್ನು ಮಾತ್ರ ಕಳಿಸಿ."

ಜತ್ತಪ್ಪಣ್ಣ ಹೆಂಡತಿಯತ್ತ ತಿರುಗಿದರು. ಸೇಸಮ್ಮ ಅಲ್ಲಿರಲಿಲ್ಲ. ಒಳಗೆ ಮಂಚದಡಿಯಿಂದ ಟ್ರಂಕು ಎಳೆಯುವ ಸದ್ದು ಕೇಳಿತು.

ಬುಧವಾರ ಬೀಗರನ್ನು ಇಳಿಸಿದ ಬಾಡಿಗೆ ಕಾರಿನಲ್ಲೇ ಸೇಸಮ್ಮ ಮದ್ದಿನ ಸಾಮಾನು ಸಮೇತ ಮೂಡಬಿದ್ರೆಗೆ ಹೊರಟರು. ಪುಷ್ಪಾವತಿಯವರು ನೇರ ಎ.ಸಿ. ಕೋಣೆ ಸೇರಿದರು. ಅವರ ಹಿಂದೆ ಎರಡು ತಲೆದಿಂಬು ಹೊತ್ತ ಕುಶಾಲಪ್ಪಣ್ಣನೂ ಸೇರಿದರು. ಬಾಗಿಲು ಮುಚ್ಚಿತು. ಸ್ವಲ್ಪ ಹೊತ್ತಿಗೆ ಬಾಗಿಲು ಒಂದಿಷ್ಟೇ ತೆರೆದು, ಮಧ್ಯಾಹ್ನಕ್ಕೆ ಎಂತ ಪದಾರ್ಥ ಎಂದು ಒಳಗಿನಿಂದ ವಿಚಾರಣೆ ಬಂತು.

ಜತ್ತಪ್ಪಣ್ಣ ಅಡುಗೆಮನೆಯಲ್ಲಿ ನಿಂತು ಅಷ್ಟೂ ಡಬ್ಬಗಳ ಮುಚ್ಚಳ ತೆಗೆದು ನೋಡಿದರು. ಅಕ್ಕಿ ಸಿಗಲಿಲ್ಲ. ಮೂಡಬಿದ್ರೆಗೆ ಫೋನ್ ಮಾಡಿದರು.

"ಮಗಾ, ಅಕ್ಕಿ ಎಲ್ಲಿ ಇಟ್ಟಿದ್ದಾಳೆಂದು ಅಮ್ಮನ ಹತ್ತಿರ ಒಮ್ಮೆ ಕೇಳು."

"ಮೆಲ್ಲ ಮಾತಾಡಿ ಅಪ್ಪ" ಎಂದಳು ವಿಸ್ಮಿತಾ. "ಅಮ್ಮ ಈಗಷ್ಟೇ ಎ.ಸಿ. ಹಾಕಿ ಮಲಗಿದ್ದಾರೆ."