ನೀರು ಕುಡಿದ ಕುರಿಗಳ ವಂಶಗುಣ

ನನ್ನ ಸಿಟ್ಟಿಗೆ ನಾನು ಜವಾಬ್ದಾರನಲ್ಲ. ಅದು ನನ್ನ ತಾತನದು. ಮಧ್ಯಾಹ್ನ ಒಂದರ ಹೊತ್ತಿಗೆ ಹೆಂಡತಿಯ ಮೇಲೆ ಹಾರಾಡಿದಾಗಲೆಲ್ಲ ಹೀಗೇ ಹೇಳಿ ಪಾರಾಗುತ್ತೇನೆ. ತಾತ ತೀರಿಹೋಗಿ ಇಪ್ಪತ್ತು ವರ್ಷವಾಯಿತು, ಪಾಪ, ತಕರಾರು ಮಾಡಲು ಬರುವುದಿಲ್ಲ. ಸಾಲದ್ದಕ್ಕೆ ನನ್ನ ನೌಕರಿಯೂ ಅಂಥದ್ದೇ. ಕುರಿಗಳ ಯಾವ ಗುಣ ಯಾವ ಜೀನಿನಿಂದ ಬರುತ್ತದೆಂದು ಸಿಂಧನೂರಿನ ಕಚೇರಿಯಲ್ಲಿ ಕೂತು ಲೆಕ್ಕ ಹಾಕುವುದು.

ಒಂದೇ ಗುಣ ಹಿಡಿದು ಹುಡುಕಿದರೆ ಜೀನು ಸುಲಭಕ್ಕೆ ಸಿಗುವುದಿಲ್ಲ. ಎರಡು ಗುಣಗಳನ್ನು ಒಟ್ಟಿಗೆ ಲೆಕ್ಕಕ್ಕೆ ಹಾಕಿ, ಎರಡೂ ಒಂದೇ ಜಾಗದತ್ತ ಬೆರಳು ಮಾಡಿದರೆ ನಂಬಬಹುದು. ಇಬ್ಬರು ಸಾಕ್ಷಿಗಳು ಒಂದೇ ಮಾತು ಹೇಳಿದ ಹಾಗೆ. ನಾನು ತೂಕವನ್ನೂ ಸಾಧು ಸ್ವಭಾವವನ್ನೂ ಜೋಡಿಸಿದೆ. ನಮ್ಮ ಜೀಪು ಬೆಳಿಗ್ಗೆ ಪಾಮನಕಲ್ಲೂರಿಗೆ, ಮಧ್ಯಾಹ್ನ ಗೊರೇಬಾಳಕ್ಕೆ. ಕುರಿಗಳ ರಕ್ತ ತೆಗೆದೆ, ತೂಗಿದೆ, ಒದೆ ತಿಂದೆ, ತಿಂದ ಪ್ರತಿ ಒದೆಯನ್ನೂ ಬರೆದುಕೊಂಡೆ. ಕಂಪ್ಯೂಟರಿನಲ್ಲಿ ಗೆರೆಯೊಂದು ಗೋಪುರದಂತೆ ಎದ್ದಿತು! ಎರಡೂ ಗುಣಕ್ಕೆ ಒಂದೇ ಜೀನು, ಅದೂ ಗೊರೇಬಾಳದ ಕುರಿಗಳಲ್ಲಿ ಮಾತ್ರ. ನಾನು ಮೀಸೆ ತಿರುವಿದೆ.

ಹೀಗಾಗಿ ತಳಿಗೆ ಬಿಡುವ ಟಗರುಗಳ ಪಟ್ಟಿಯಿಂದ ಪಾಮನಕಲ್ಲೂರಿನ ಹನುಮವ್ವನ ಟಗರು ಬಿದ್ದುಹೋಯಿತು. ಪಟ್ಟಿಯಿಂದ ಬಿದ್ದ ಟಗರಿಗೆ ಉಳಿಯುವ ದಾರಿ ಸಂತೆ, ಆಮೇಲೆ ಸಾರು. ಬಾಟಲಿ ಹಾಲು ಕುಡಿಸಿ ಸಾಕಿದ ಮುದುಕಿ ಮರುದಿನವೇ ಟಗರಿನ ಸಮೇತ ಕಚೇರಿಗೆ ಬಂದಳು.

"ಮಗನಂಗ ಸಾಕೀನ್ರೀ ಸಾಹೇಬ್ರ, ಕಟಗರ ಕೈಯಾಗ ಕೊಡ್ಲೇನು?"

"ಕಂಪ್ಯೂಟರ್ ಹೇಳೈತವ್ವಾ, ನಾ ಏನ್ ಮಾಡ್ಲಿ?"

"ಗೊರೇಬಾಳದ ಕುರಿ ಎಲ್ಲಿ ತೂಗೀರಿ?"

"ಕಾಲುವಿ ದಂಡ್ಯಾಗ."

"ನೀರು ಕುಡದ ಮ್ಯಾಲೋ, ಮುಂಚೇನೋ?"

ನಾನು ದಾಖಲೆ ಪುಸ್ತಕ ತೆರೆದು ನೋಡಿದೆ. "ಕುಡದ ಮ್ಯಾಲ."

"ಅಯ್ಯ ಶಿವನ! ಮೇದು, ಹೊಟ್ಟಿ ತುಂಬ ನೀರು ಕುಡದ ಕುರಿ ಭಾರ ಇರಂಗಿಲ್ಲೇನ್ರೀ? ತೂಕಡಿಸಿಕೋತ ಸುಮ್ನ ನಿಂತಿರ್ತಾವ. ನಮ್ಮವನ್ನ ಹಟ್ಟಿಯಿಂದ ಬಿಡೋಕಿಂತ ಮುಂಚೇನ ಖಾಲಿ ಹೊಟ್ಟೀಲೆ ತೂಗೀರಿ. ಹಸದ ಕುರಿ ಒದೀದ ಮುತ್ತು ಕೊಡ್ತಾವೇನು?"

ನನ್ನ ಇಬ್ಬರು ಸಾಕ್ಷಿಗಳೂ ಒಂದೇ ಕಾಲುವೆಯ ನೀರು ಕುಡಿದಿದ್ದರು! ನಾನು ಹಿಡಿದ ಜೀನು ಗೊರೇಬಾಳದ ಹಿಂಡುಗಳ ಕುಲದ ಗುರುತು, ಅಷ್ಟೆ; ತೂಕಕ್ಕೂ ಸ್ವಭಾವಕ್ಕೂ ಅದಕ್ಕೂ ಸಂಬಂಧವಿಲ್ಲ. ಎರಡೂ ಊರಿನಲ್ಲಿ ಮತ್ತೆ ಬೆಳಿಗ್ಗೆಯೇ, ಖಾಲಿ ಹೊಟ್ಟೆಯಲ್ಲೇ ತೂಗಿದೆವು. ಗೋಪುರ ಕುಸಿಯಿತು, ಹನುಮವ್ವನ ಟಗರು ಮೂರನೆಯ ಸ್ಥಾನಕ್ಕೆ ಏರಿತು. "ಮೂರನೇದಾ? ನಿಮ್ಮ ಕಂಪ್ಯೂಟರಿಗೆ ಕಣ್ಣಿಲ್ಲೇನು?" ಎಂದು ಅವಳು ಬೈದೇ ಹೋದಳು. ಬೈಗುಳ ಕೇಳಿ ಅಷ್ಟು ಸಂತೋಷಪಟ್ಟದ್ದು ನನಗೆ ನೆನಪಿಲ್ಲ.

ಇದನ್ನೆಲ್ಲ ಹೆಂಡತಿಗೆ ಹೇಳಿದ್ದೇ ತಪ್ಪಾಯಿತು. ಮರುದಿನ ಭಾನುವಾರ. ಮಧ್ಯಾಹ್ನ ಒಂದಕ್ಕೆ ಕನ್ನಡಕ ಸಿಗದೆ ಮನೆ ತಲೆಕೆಳಗು ಮಾಡುತ್ತಿದ್ದೆ. ಅವಳು ಬಿಸಿ ರೊಟ್ಟಿ, ಪುಂಡಿಪಲ್ಯ ಬಡಿಸಿದಳು. ಮೂರನೆಯ ರೊಟ್ಟಿ ಮುಗಿಯುವಷ್ಟರಲ್ಲಿ ಮೆಲ್ಲಗೆ ಕೇಳಿದಳು: "ತಾತ ಹೋದ್ರೇನ್ರೀ?"

ಹೋದರೆಂದು ತಲೆಯಾಡಿಸಿ, ಬಲು ಸಾಧುವಾಗಿ ಇನ್ನೊಂದು ರೊಟ್ಟಿ ಕೇಳಿದೆ.